ಬೆಕ್ಕಿನ ತಪ್ಪು, ಅಮ್ಮನ ಹುಬ್ಬು

ಜೂನ್ 9, 2025, ಸೋಮವಾರ

ಎರಡು ಗೆರೆ ಬಂದಿವೆ. ಒಂದು ದಪ್ಪ, ಒಂದು ತೆಳು. ತುಮಕೂರಿನ ಕನ್ನಡಕದಂಗಡಿಯೊಂದರಲ್ಲಿ ಕೂತು ದಿನಕ್ಕೆ ನಲವತ್ತು ಜನರನ್ನ “ಈಗ ಸರಿಯಾಗಿ ಕಾಣುತ್ತಾ, ಈಗಲಾ?” ಅಂತ ಕೇಳೋಳು ನಾನು. ಇವತ್ತು ಬಚ್ಚಲುಮನೆಯಲ್ಲಿ ನಿಂತು ನನ್ನನ್ನೇ ಮೂರು ಸಲ ಕೇಳಿಕೊಂಡೆ. ಮೂರು ಸಲವೂ ಎರಡೇ ಗೆರೆ.

ಗಂಗಾಧರ್‌ಗೆ ತೋರಿಸಿದೆ. ನನ್ನ ಗಂಡ ಬಿಸ್ಕತ್ತಿನ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಮನುಷ್ಯ. ಕಡ್ಡಿಯನ್ನ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಪಾಸು ಮಾಡಿದ.

“ಯಾಕೆ ಬಿಂದು, ನಿಂಗೆ ಖುಷಿ ಇಲ್ವಾ?”

ಖುಷಿಗೆ ಅರ್ಜಿ ಹಾಕೋದು ಹತ್ತು ವಾರ ದಾಟಿದ ಮೇಲೆ ಅಂದೆ. ಹೋದ ವರ್ಷದ ಬಸುರು ಒಂಬತ್ತೂವರೆ ವಾರಕ್ಕೇ ರಾಜೀನಾಮೆ ಕೊಟ್ಟು ಹೋಗಿತ್ತು.

ಇದು ಲೆನ್ಸ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಐದು ತಿಂಗಳು ಖಾಲಿ ಬಿದ್ದಿತ್ತು. ಬಸುರಿನ ವಿಷಯ ಮೊದಲೇ ಯಾರಿಗಾದರೂ ಹೇಳಿದರೆ ದೃಷ್ಟಿಯಾಗುತ್ತಂತೆ. ಡೈರಿಗೆ ಹೇಳಿದರೆ ಆಗಲ್ಲ ಅಂತ ನಾನೇ ಕಾನೂನು ಮಾಡಿಕೊಂಡಿದೀನಿ.

ಜೂನ್ 12, ಗುರುವಾರ

ಅತ್ತೆ ಓಬಳಮ್ಮನವರು ಕುಣಿಗಲ್‌ನಿಂದ ಮೊದಲ ಬಸ್ಸಿಗೇ ಬಂದಿಳಿದರು. “ನಾನು ಯಾರಿಗೂ ಹೇಳಿಲ್ಲ” ಅಂತ ಗಂಗಾಧರ್ ಆಣೆ ಇಡುತ್ತಾನೆ. ಹಾಗಾದರೆ ಆ ಎರಡು ಗೆರೆಗಳೇ ಫೋನ್ ಮಾಡಿರಬೇಕು.

ಬಾಗಿಲಲ್ಲೇ ಆದೇಶ ಹೊರಡಿಸಿದರು. “ಈ ಸಲ ಮೆಟ್ಲು ಹತ್ಬೇಡ. ಬಗ್ಗಬೇಡ. ಜೋರಾಗಿ ಸೀನ್ಬೇಡ.”

ಸೀನೋದಕ್ಕೂ ರಜೆ ಚೀಟಿ ಬರೆಯಬೇಕು ಅನ್ನಿಸುತ್ತೆ.

ಸಂಜೆ ತವರೂರು ಗುಬ್ಬಿಗೂ ಫೋನ್ ಮಾಡಿದೆ. ಗುಬ್ಬಿ ಅಂದರೆ ಶ್ರೀಮತಿ ಗಿರಿಯಮ್ಮನವರು, ನನ್ನನ್ನು ಹೆತ್ತವರು. ವಿಷಯ ಹೇಳಿದ ಮೇಲೆ ಆ ಕಡೆಯಿಂದ ಎಷ್ಟು ಹೊತ್ತು ಸದ್ದಿಲ್ಲ ಅಂದರೆ, ಲೈನ್ ಕಟ್ಟಾಯ್ತಾ ಅಂತ ನೋಡಿಕೊಂಡೆ. ಆಮೇಲೆ ಆ ದಪ್ಪ ಒಡಕು ದನಿಯಲ್ಲಿ, “ಒಳ್ಳೇದಾಯ್ತು...” ಒಂದು ಗೂಡ್ಸ್ ರೈಲು ಪೂರ್ತಿ ದಾಟುವಷ್ಟು ಹೊತ್ತು ಬಿಟ್ಟು, “...ಕಣವ್ವ.”

ಬೀದಿಯಲ್ಲಿ ಅವರಿಗೆ ಇರುವ ಹೆಸರೇ ಗೂಡ್ಸ್ ಗಿರಿಯಮ್ಮ. ಇಟ್ಟವರು ನಮ್ಮಪ್ಪ ಕದರಯ್ಯನವರೇ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ಅವರಿಗೆ ಉಪಮೆಗೆ ಬರವಿಲ್ಲ. ಅಡುಗೆ ಆಗುತ್ತಿದ್ದದ್ದು ಗೂಡ್ಸ್ ಟೈಮಿಗೆ. ನಾನು ಹತ್ತು ವರ್ಷ ಸ್ಕೂಲಿಗೆ ಬುತ್ತಿ ಇಲ್ಲದೆ ಹೋದೆ, ಜಡೆ ಪಕ್ಕದ ಮನೆಯಲ್ಲಿ ಹೆಣೆಸಿಕೊಂಡೆ. ಹೋಗಲಿ, ಅದೆಲ್ಲ ಹಳೇದು. ಹೋದ ವರ್ಷ ಮಗು ಕಳೆದುಕೊಂಡು ಬಂದು ಮಲಗಿದ್ದಾಗ ನನ್ನನ್ನ ನೋಡಿಕೊಳ್ಳೋಕೆ ಅಂತ ಬಂದವರು ಮೂರು ದಿನ ನನ್ನ ಪಕ್ಕದಲ್ಲೇ ಗೊರಕೆ ಹೊಡೆದರು. ನಾನೇ ಎದ್ದು ಅವರಿಗೆ ಕಾಫಿ ಮಾಡಿಕೊಟ್ಟೆ. ಅಂಥ ಆರೈಕೆ ಎಲ್ಲರಿಗೂ ಸಿಗಲ್ಲ.

ಜೂನ್ 24, ಮಂಗಳವಾರ

ಡಾಕ್ಟರ್ ಮಂಗಳಗೌರಿ ಏಳು ಟ್ಯೂಬ್ ರಕ್ತ ತೆಗೆಸಿದರು. ಹೋದ ಸಲದ್ದು ನಿಲ್ಲದ ಕಾರಣ ಈ ಸಲ ಎಲ್ಲಾ ಟೆಸ್ಟು.

“ತಾಯಿ ಕಡೆ ಯಾರಿಗಾದ್ರೂ ಥೈರಾಯ್ಡ್ ಇದೆಯಾ? ತಾಯಿಗೆ?”

“ನಮ್ಮಮ್ಮಂಗೆ ಸೋಮಾರಿತನ ಒಂದು ಬಿಟ್ರೆ ಬೇರೆ ಯಾವ ಕಾಯಿಲೆನೂ ಇಲ್ಲ ಮೇಡಂ.”

ನಗಲಿಲ್ಲ. ಒಂದು ಸಲ ನನ್ನ ಮುಖ ನೋಡಿ ಏನೋ ಬರೆದುಕೊಂಡರು. ನಗು ಬರದವರ ಹತ್ತಿರ ನನ್ನ ಪ್ರತಿಭೆ ದಂಡ.

ಜೂನ್ 27, ಶುಕ್ರವಾರ

ಡಾಕ್ಟರನ್ನ ನೋಡೋದು ಸೋಮವಾರ. ರಿಪೋರ್ಟು ಮಾತ್ರ ಇವತ್ತೇ ಗಂಗಾಧರ್‌ನ ಮೊಬೈಲಿಗೆ ಬಂತು. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ‘ಟಾಕ್ಸೊಪ್ಲಾಸ್ಮಾ, ಪಾಸಿಟಿವ್’. ಅವನು ಗೂಗಲ್‌ಗೆ ಹೋದ. ಒಂದು ಗಂಟೆಯಲ್ಲಿ ಎಂಬಿಬಿಎಸ್ ಮುಗಿಸಿ ಬಂದ. ಅದೊಂದು ಪರಾವಲಂಬಿ ಜೀವಿಯಂತೆ, ಕಣ್ಣಿಗೆ ಕಾಣಲ್ಲವಂತೆ, ಬೆಕ್ಕಿನ ಹೊಟ್ಟೆಯಲ್ಲಿ ಬೆಳೆದು ಅದರ ಕಕ್ಕದಲ್ಲಿ ಬಂದು ಬಸುರಿಯರ ಮಗುವನ್ನ ತೆಗೆಯುತ್ತಂತೆ.

“ಬೆಕ್ಕಾ?” ಅಂದರು ಅತ್ತೆ. “ನಿಮ್ಮವ್ವನ ಮನೇಲಿ ಐತಲ್ಲ, ಆ ಬೂದಿ ಬಣ್ಣದ್ದು! ಆಯಮ್ಮ ಒಂದಿನಾನಾದ್ರೂ ಮನೆ ನೆಟ್ಟಗೆ ಗುಡಿಸಿದ್ದು ಕಂಡಿದೀಯೇನೇ? ಇನ್ಮೇಲೆ ಗುಬ್ಬಿ ಕಡೆ ತಲೆ ಹಾಕ್ಬೇಡ. ಬಾಣಂತನ ಕುಣಿಗಲ್ಲಲ್ಲೇ.”

ಜೀವನದಲ್ಲಿ ಮೊದಲ ಸಲ ಅತ್ತೆ ಹೇಳಿದ್ದು ಪೂರ್ತಿ ಸರಿ ಅನ್ನಿಸಿತು. ಗುಬ್ಬಿಗೆ ಫೋನ್ ಮಾಡಿದೆ.

“ಅಮ್ಮ, ನಿನ್ನ ಮಾಸ್ಟ್ರಿಂದಾನೇ ನನ್ನ ಮಗು ಹೋಗಿದ್ದು. ಇದೂ ಹೋಗುತ್ತೆ. ಅದು ಗಲೀಜು ಮಾಡಿದ್ದನ್ನ ಯಾವತ್ತಾದ್ರೂ ನೆಟ್ಟಗೆ ತೊಳೆದಿದೀಯಾ ನೀನು?”

ಮಾಸ್ಟ್ರು ಆ ಬೆಕ್ಕಿನ ಹೆಸರು. ಸ್ಟೇಷನ್ ಮಾಸ್ಟರ ಹಾಗೆ ಹೊಸ್ತಿಲ ಮೇಲೆ ಕೂತಿರುತ್ತೆ ಅಂತ.

ಆ ಕಡೆ ಗೂಡ್ಸ್ ದಾಟಿತು. “ಹೌದಾ... ಗೊತ್ತಿರ್ಲಿಲ್ಲ ಕಣವ್ವ.”

ಅಷ್ಟೇ. ಜಗಳ ಆಡೋಕೂ ಸೋಮಾರಿತನ.

ಜೂನ್ 30, ಸೋಮವಾರ

ಬೆಕ್ಕು ನಿರಪರಾಧಿ.

ಡಾಕ್ಟರ್ ರಿಪೋರ್ಟನ್ನ ನಮ್ಮ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. “ನೋಡಿ, ಇದು ಹಳೇ ಸೋಂಕಿನ ಗುರುತು, ಇದೆ. ಇದು ಹೊಸಾ ಸೋಂಕಿನ ಗುರುತು, ಇಲ್ಲ. ಅಂದ್ರೆ ಯಾವತ್ತೋ ಬಂದು ಮೈಯಲ್ಲಿ ಒಂದು ಮೂಲೇಲಿ ಮಲಗಿಬಿಟ್ಟಿದೆ. ಬಸುರಿಗೆ ಮುಂಚೆ ಬಂದಿದ್ದು ಸಾಮಾನ್ಯವಾಗಿ ಮಗೂಗೆ ದಾಟಲ್ಲ. ಈಗ ಹೊಸದಾಗಿ ಬಂದಿದ್ರೆ ಯೋಚನೆ ಮಾಡ್ಬೇಕಿತ್ತು.”

“ಬಂದಿದ್ದು ಬೆಕ್ಕಿಂದ ತಾನೆ?” ಅತ್ತೆ ಬಿಡಲಿಲ್ಲ.

“ಇರಬಹುದು. ತೊಳೀದಿರೋ ಸೊಪ್ಪಿಂದ, ಮಣ್ಣಿಂದ, ಅರೆಬೆಂದ ಮಾಂಸದಿಂದ್ಲೂ ಬರುತ್ತೆ.”

ಅತ್ತೆ ಕತ್ತು ತಿರುಗಿಸಿ ಗೋಡೆಯ ಮೇಲಿನ ಮಗುವಿನ ಚಿತ್ರವನ್ನ ಭಕ್ತಿಯಿಂದ ನೋಡತೊಡಗಿದರು. ಮದುವೆಯಾದ ವರ್ಷ ಯುಗಾದಿ ಮಾರನೇ ದಿನ, ಹೊಸ್ತೊಡಕಿಗೆ, ಕೆಂಡಕ್ಕೆ ಸುಮ್ಮನೆ ಮುಖ ತೋರಿಸಿದ ಲಿವರ್ ತುಂಡನ್ನ “ರಕ್ತ ಆಗ್ತದೆ ತಿನ್ನು” ಅಂತ ನನ್ನ ಬಾಯಿಗಿಟ್ಟ ಕೈ ಅವರದೇ. ಎಫ್‌ಐಆರ್ ಯಾರ ಮೇಲೆ ಹಾಕೋದು ಅನ್ನೋದು ಈಗ ಕಷ್ಟದ ಪ್ರಶ್ನೆ.

“ನೀವ್ಯಾರೂ ಎರಡನೇ ಪುಟ ತಿರುಗಿಸಲಿಲ್ವಾ?” ಅಂದರು ಡಾಕ್ಟರ್.

ಇಲ್ಲ. ಮೂರು ಜನ ವಿದ್ವಾಂಸರಲ್ಲಿ ಒಬ್ಬರೂ ತಿರುಗಿಸಿರಲಿಲ್ಲ. ಎರಡನೇ ಪುಟದಲ್ಲಿ ನನ್ನ ಥೈರಾಯ್ಡ್ ಇತ್ತು. ಕತ್ತಿನ ಈ ಗ್ರಂಥಿಯನ್ನ ನನ್ನ ಮೈಯ ಕಾವಲುಗಾರರೇ ಕಳ್ಳ ಅಂದುಕೊಂಡು ಹೊಡೆಯುತ್ತಿದ್ದಾರಂತೆ. ಅದು ಸೊರಗಿದೆಯಂತೆ. ಹೋದ ಸಲದ್ದಕ್ಕೂ ಇದು ಕಾರಣ ಇರಬಹುದು, ಖಚಿತವಾಗಿ ಹೇಳಕ್ಕಾಗಲ್ಲ ಅಂದರು.

ಗಂಗಾಧರ್ ಸುಮ್ಮನಿರುತ್ತಾನಾ? “ಮೇಡಂ, ಆ ಮಲಗಿರೋ ಸೋಂಕಿಗೂ ಇದಕ್ಕೂ ನಂಟಿದೆ ಅಂತ ಎಲ್ಲೋ ಓದಿದೆ.”

“ಬಸುರಿಯರಲ್ಲಿ ಎರಡೂ ಒಟ್ಟಿಗೆ ಜಾಸ್ತಿ ಕಂಡಿವೆ ಅಂತ ಕೆಲವು ಅಧ್ಯಯನ ಹೇಳ್ತವೆ. ಅದು ಇದನ್ನ ಕೆಣಕುತ್ತೋ ಇಲ್ವೋ, ಇನ್ನೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿರೋದು ಈ ಮಾತ್ರೆ. ಬೆಳಗ್ಗೆ ಖಾಲಿ ಹೊಟ್ಟೇಲಿ. ಒಂದು ಗಂಟೆ ಕಾಫಿ ಇಲ್ಲ. ನಾಲ್ಕು ವಾರಕ್ಕೊಂದು ಸಲ ರಕ್ತ.”

ಏಳುವಾಗ ನನ್ನನ್ನ ಕೂರಿಸಿಕೊಂಡರು. “ಇದು ಮನೆತನದಲ್ಲಿ ಬರುತ್ತೆ ಬಿಂದುಶ್ರೀ. ನಿಮ್ಮ ತಾಯಿ ಸೋಮಾರಿ ಅಂದ್ರಲ್ಲ. ಅವರಿಗೆ ಚಳಿ ಜಾಸ್ತಿನಾ? ದನಿ ದಪ್ಪ ಆಗಿದೆಯಾ? ಮಾತು ನಿಧಾನನಾ? ಹುಬ್ಬು ಹೊರಗಡೆ ತುದೀಲಿ ಉದುರಿದೆಯಾ?”

ಮೊದಲ ಮೂರಕ್ಕೆ ತಲೆ ಆಡಿಸಿದೆ. ನಾಲ್ಕನೇದು ಗೊತ್ತಿಲ್ಲ ಅಂದೆ. ದಿನಾ ನಲವತ್ತು ಜನರ ಹುಬ್ಬಿನ ಕೆಳಗೆ ಟಾರ್ಚ್ ಬಿಡೋಳು ನಾನು. ಅಮ್ಮನ ಹುಬ್ಬು ಹೇಗಿದೆ ಅಂತ ನಿಜವಾಗಲೂ ಗೊತ್ತಿರಲಿಲ್ಲ.

ಜುಲೈ 1

ಕಾಫಿ ಇಲ್ಲದ ಒಂದು ಗಂಟೆ. ಬರೆಯೋಕೆ ಬೇರೇನೂ ಇಲ್ಲ.

ಜುಲೈ 6, ಭಾನುವಾರ

ಒಂಬತ್ತು ವಾರ, ಮೂರು ದಿನ. ಹೋದ ವರ್ಷ ಕೆಟ್ಟಿದ್ದು ಇದೇ ಹೊತ್ತಿಗೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತೆ ಅಂತ ಗುಬ್ಬಿಗೆ ಹೋದೆ. ಕುಣಿಗಲ್‌ಗೆ ವಾಪಸ್ಸಾಗಿರುವ ಅತ್ತೆಗೆ ಹೇಳಿಲ್ಲ. ಬೆಕ್ಕಿಗೆ ಖುಲಾಸೆ ಆಗಿದೆ ಅಂತ ತಿಳಿಸಬೇಕಿತ್ತಲ್ಲ.

ಮಧ್ಯಾಹ್ನ ಹನ್ನೆರಡು. ಅಮ್ಮ ಸ್ವೆಟರ್ ಹಾಕಿಕೊಂಡು, ಅದರ ಮೇಲೆ ಕಂಬಳಿ ಹೊದ್ದು ಮಲಗಿದ್ದರು. ನಾನು ಬಂದದ್ದು ಗೊತ್ತಾಗಲಿಲ್ಲ. ಪಕ್ಕ ಕೂತು ಮುಖ ನೋಡಿದೆ. ಅಂಗಡಿಯಲ್ಲಿ ಗಿರಾಕಿಯ ಮುಖ ನೋಡುವ ಹಾಗೆ. ರೆಪ್ಪೆ ಊದಿದೆ. ಚರ್ಮ ಒಣಗಿ ಹಳದಿಗೆ ತಿರುಗಿದೆ. ಎರಡೂ ಹುಬ್ಬು ಅರ್ಧಕ್ಕೇ ನಿಂತಿವೆ, ಬರೆಯೋರು ಮಧ್ಯದಲ್ಲಿ ಎದ್ದು ಹೋದ ಹಾಗೆ.

ಹೊಸ್ತಿಲು ಖಾಲಿ ಇತ್ತು. “ಮಾಸ್ಟ್ರೆಲ್ಲಪ್ಪ?”

ಅಪ್ಪ ಬೀಡಿ ಆರಿಸಿದರು. “ನೀನು ಫೋನ್ ಮಾಡಿದ್ಯಲ್ಲ, ಅವತ್ತೇ ಚೀಲದಾಗೆ ಹಾಕ್ಕೊಂಡು ಗಂಗಹನುಮಯ್ಯನ ಮಟನ್ ಅಂಗಡಿಗೆ ಬುಟ್ಟು ಬಂದ್ಲು. ಹತ್ತು ನಿಮಿಷದ ದಾರಿ. ಎರಡು ಕಡೆ ಮೋರಿ ಮೇಲೆ ಕೂತು ಎದ್ದು, ಒಂದೂವರೆ ಗಂಟೆ ತಗಂಡ್ಲು. ಬಂದೋಳು ಅದ್ರ ತಟ್ಟೇನ ಮೂರು ಸಲ ಬೂದಿ ಹಾಕಿ ಉಜ್ಜಿದ್ಲು. ಬೆಕ್ಕೇ ಇಲ್ಲ, ಯಾಕೇ ಉಜ್ಜೀಯ ಅಂದೆ. ಮಗಳು ಬಂದ್ರೆ ಅಂದ್ಲು.”

ಇಷ್ಟರಲ್ಲಿ ಅಮ್ಮನಿಗೆ ಎಚ್ಚರವಾಯ್ತು. “ಯಾವಾಗ... ಬಂದೆ? ತಾಳು... ಕಾಫಿ ಇಡ್ತೀನಿ.” ಗೋಡೆ ಹಿಡಿದು ಏಳತೊಡಗಿದರು. ನಾನು ಕೂರಿಸಿದೆ.

“ಅಮ್ಮ, ಹುಬ್ಬು ಯಾವಾಗ ಉದುರ್ತು?”

ಯೋಚನೆ ಮಾಡಿದರು. “ನಿಂಗೆ... ಎರಡು ತುಂಬಿದ್ಮೇಲೆ. ಆಮೇಲೆ ಎರಡು... ನಿಲ್ಲಲಿಲ್ಲ.”

“ಏನು ಎರಡು?”

“ಬಸುರು.”

ಮೂವತ್ತೆರಡು ವರ್ಷದಲ್ಲಿ ಇದನ್ನ ಯಾರೂ ನನಗೆ ಹೇಳಿರಲಿಲ್ಲ. ಅಪ್ಪ ಆಚೆ ನೋಡುತ್ತಾ ಅಂದರು, “ಸೋಮಾರಿ ಹೊಟ್ಟೇಲಿ ಏನು ನಿಂತಾತು ಅಂತಿದ್ಲು ನಮ್ಮವ್ವ.”

ಅಮ್ಮ ತಲೆ ಅಲ್ಲಾಡಿಸಿದರು. ಹೌದು ಅಂತ. ತನ್ನ ಅತ್ತೆ ಅಂದದ್ದು ನ್ಯಾಯವೇ ಅನ್ನುವ ಹಾಗೆ.

“ನಾಳೆ ತುಮಕೂರಿಗೆ ಬರ್ತೀಯ. ರಕ್ತ ಟೆಸ್ಟು” ಅಂದೆ. “ಅವಳಿಗೇನಾಗೈತೆ? ಉಂಡು ಮಲಗ್ತಾಳೆ” ಅಂದರು ಅಪ್ಪ. ಇಂಥ ತಜ್ಞರು ಮನೆಯಲ್ಲೇ ಇದ್ದದ್ದಕ್ಕೇ ಮೂವತ್ತು ವರ್ಷ ಡಾಕ್ಟರ ಹತ್ತಿರ ಹೋಗುವ ಅಗತ್ಯ ಬಿದ್ದಿಲ್ಲ. ನನಗೂ ಕಾಣಲಿಲ್ಲ, ಅದನ್ನೂ ಬರೆದಿಡ್ತೀನಿ.

ಜುಲೈ 9, ಬುಧವಾರ

ಲ್ಯಾಬಿನ ಹುಡುಗಿ ಫೋನ್ ಮಾಡಿ, “ಮೇಡಂ, ಗಿರಿಯಮ್ಮ ಅನ್ನೋ ಪೇಶೆಂಟು ಯಾವ ಆಸ್ಪತ್ರೇಲಿ ಅಡ್ಮಿಟ್ ಆಗಿದ್ದಾರೆ?” ಅಂದಳು.

“ನಮ್ಮ ಅಡುಗೆಮನೇಲಿ. ಬೆಳ್ಳುಳ್ಳಿ ಸುಲೀತಾ ಇದ್ದಾರೆ.”

ಥೈರಾಯ್ಡ್ ಸೊರಗಿದಷ್ಟೂ ಏರುವ ಅಂಕಿಯೊಂದಿದೆ, ಐದರೊಳಗೆ ಇರಬೇಕಾದದ್ದು ನೂರು ದಾಟಿದೆ. ಅದರಾಚೆ ಎಣಿಸಲು ಅವರ ಮಿಷನ್ನಿಗೆ ಬರಲ್ಲವಂತೆ. ಕಾವಲುಗಾರರು ಅಮ್ಮನ ಥೈರಾಯ್ಡನ್ನ ಹೊಡೆದು ಮುಗಿಸಿ, ಕೋಲು ಒರಗಿಸಿಟ್ಟು ಎಷ್ಟೋ ವರ್ಷವಾಗಿರಬೇಕು.

ಡಾಕ್ಟರ್ ಮಂಗಳಗೌರಿ ರಿಪೋರ್ಟು ನೋಡಿ ಕನ್ನಡಕ ತೆಗೆದರು. “ಇಷ್ಟು ವರ್ಷ ಹೇಗಮ್ಮ ಓಡಾಡಿದ್ರಿ?”

ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ಅಂದರು, “ನಿಧಾನವಾಗಿ.”

ಡಾಕ್ಟರು ನಕ್ಕುಬಿಟ್ಟರು. ನನ್ನ ಜೋಕಿಗೆ ತುಟಿ ಬಿಚ್ಚದ ಹೆಂಗಸು!

ಮಾತ್ರೆ ಸಣ್ಣದರಿಂದ ಶುರು. ಹೃದಯ ನೋಡಿಕೊಂಡು ಮೆಲ್ಲಗೆ ಏರಿಸಬೇಕಂತೆ. ಅಲ್ಲಿಯವರೆಗೆ ಅಮ್ಮ ಇಲ್ಲೇ ಇರಲಿ ಅಂತ ಗಂಗಾಧರ್ ಅಂದ. ನಾನು ಅನ್ನೋಕೆ ಮುಂಚೆ ಅಂದ. ಬಿಸ್ಕತ್ತಿನ ಆಚೆಗೂ ಅವನಿಗೆ ಸ್ವಲ್ಪ ತಿಳಿಯುತ್ತೆ.

ಜುಲೈ 11

ಹತ್ತು ವಾರ, ಒಂದು ದಿನ. ಇದರ ಬಗ್ಗೆ ಬರೆಯಲ್ಲ.

ಜುಲೈ 29, ಮಂಗಳವಾರ

ಬೆಳಗ್ಗೆ ಆರಕ್ಕೆ ನಾವಿಬ್ಬರೂ ಮಾತ್ರೆ ನುಂಗಿ ಎದುರು ಬದುರು ಕೂತು ಗಡಿಯಾರ ನೋಡುತ್ತೇವೆ. ಏಳಕ್ಕೆ ಕಾಫಿ. ಇಷ್ಟು ಹೊತ್ತು ನಾವಿಬ್ಬರೂ ಒಂದೇ ಕಡೆ ಕೂತದ್ದು ಜೀವನದಲ್ಲೇ ಇಲ್ಲ.

ನನ್ನ ಅಂಕಿ ಇಳಿದು ಎರಡಕ್ಕೆ ಬಂದಿದೆ. ಸ್ಕ್ಯಾನಿಂಗ್‌ನಲ್ಲಿ ಅದು ಕೈ ಬೀಸಿತು ಅಂದರು. ನನಗೆ ಕಂಡದ್ದು ಮಂಜಿನಲ್ಲಿ ಒಂದು ಕಡಲೆಬೀಜ.

ಸಂಜೆ ಅತ್ತೆ ಬಂದು, ಅಮ್ಮನನ್ನ ಕಂಡು, ಚೀಲ ಕೆಳಗಿಡದೆ ನಿಂತರು. “ಈಗ ಬಸುರೀನೇ ಇವರಿಗೂ ಬಾಣಂತನ ಮಾಡ್ಬೇಕಾ? ಈ ಮನೆತನದ ಜಡ್ಡು ನನ್ನ ಮೊಮ್ಮಗೀಗೂ ಬಂದ್ರೆ ಏನೇ ಮಾಡ್ತೀಯ?”

ಅಮ್ಮ ತಲೆ ತಗ್ಗಿಸಿದರು. ನನಗೆ ಸಿಟ್ಟು ಎಲ್ಲಿತ್ತೋ.

“ಬಂದ್ರೆ ಮಾತ್ರೆ ಕೊಡ್ತೀನಿ ಅತ್ತೆ. ಸೋಮಾರಿ ಅಂತ ಹೆಸರು ಇಡಲ್ಲ.”

ಅತ್ತೆ ಕೊನೇ ಬಸ್ಸಿಗೆ ಕುಣಿಗಲ್ಲಿಗೆ ವಾಪಸ್ಸಾದರು. ಗಂಗಾಧರ್ ಅವರನ್ನ ಬಸ್ಸು ಹತ್ತಿಸಿ ಬಂದು ಅರ್ಧ ಕೆಜಿ ಒಡೆದ ಬಿಸ್ಕತ್ತು ಮುಂದಿಟ್ಟುಕೊಂಡು ಕೂತ.

ಆಗಸ್ಟ್ 31, ಭಾನುವಾರ

ಗೌರಿ ಬಾಗಿನದ ನೆಪದಲ್ಲಿ ಅಮ್ಮನ ಜೊತೆ ಗುಬ್ಬಿಗೆ ಹೋಗಿದ್ದೆ. ಮಾಸ್ಟ್ರನ್ನ ವಾಪಸ್ ಕರಕೊಂಡು ಬರೋಣ ಅಂತ ಗಂಗಹನುಮಯ್ಯನ ಅಂಗಡಿಗೆ ನಡೆದೆವು. ಅಮ್ಮ ಒಂದು ಕಡೆಯೂ ಕೂರಲಿಲ್ಲ.

ಬೆಕ್ಕಿಗೆ ಬಡ್ತಿಯಾಗಿದೆ. ಮಟನ್ ಅಂಗಡಿ ಕಟ್ಟೆಯ ಮೇಲೆ, ಎರಡರಷ್ಟು ದಪ್ಪವಾಗಿ, ತಕ್ಕಡಿ ಪಕ್ಕ ಕೂತಿತ್ತು. “ಮಾಸ್ಟ್ರೇ” ಅಂದರೆ ಒಂದು ಕಣ್ಣು ತೆರೆದು, ಗುರುತಿಲ್ಲದವರ ಹಾಗೆ ಮುಚ್ಚಿತು.

“ಕರ್ಕೊಂಡೋಗ್ರಮ್ಮ, ನಂಗೇನು” ಅಂದ ಗಂಗಹನುಮಯ್ಯ.

ಅಮ್ಮ ಅದರ ತಲೆ ಸವರಿ ಕೈ ಹಿಂದಕ್ಕೆ ತೆಗೆದುಕೊಂಡಳು. “ಬುಡಣ್ಣ. ಲಿವರ್ ಬುಟ್ಟು ನನ್ನ ಮುದ್ದೆಗೆ ಯಾಕೆ ಬಂದಾತು.”

ವಾಪಸ್ ಬರುವಾಗ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದಳು. ಕ್ಷಮಿಸು ಅಂತ ಹೇಳೋಕೆ ಒಳ್ಳೇ ಜಾಗ ಅದು. ನಾನು ಮಳೆ ಬರೋ ಹಾಗಿದೆ ಅಂದೆ.

ಅಕ್ಟೋಬರ್ 5, ಭಾನುವಾರ

ಅಮ್ಮ ನಾನು ಮಾಡಿದ ಸಾರು ಬಾಯಿಗೆ ಹಾಕಿ, “ಉಪ್ಪು ಹಾಕಿದೀಯೋ, ಬರೀ ಡಬ್ಬ ತೋರ್ಸಿದೀಯೋ?” ಅಂದಳು.

ಗಂಗಾಧರ್ ನನ್ನ ಮುಖ ನೋಡಿದ. ನಾನು ಅಮ್ಮನ ಮುಖ ನೋಡಿದೆ. ಈ ನಾಲಿಗೆ ನನಗೆ ಅಪ್ಪನಿಂದ ಬಂದದ್ದು ಅಂತ ಇಷ್ಟು ದಿನ ನಂಬಿದ್ದೆ. ಅಪ್ಪನಿಗೆ ಇದರ ಅರ್ಧವೂ ಇಲ್ಲ. ಹುಬ್ಬಿನ ತುದಿಯಲ್ಲಿ ಸಣ್ಣ ಕೂದಲು ಬರುತ್ತಿವೆ. ಟಾರ್ಚ್ ಬಿಟ್ಟು ನೋಡಿದೆ. “ತೆಗಿಯೇ ಅತ್ಲಾಗೆ, ಕಣ್ಣು ಚುಚ್ತದೆ” ಅಂತ ಬೈಸಿಕೊಂಡೆ.

ನವೆಂಬರ್ 14, ಶುಕ್ರವಾರ

ಬೆಳಗ್ಗೆಯಿಂದ ಮಗು ಆಡಿರಲಿಲ್ಲ. ಹನ್ನೊಂದರವರೆಗೆ ನೋಡಿದೆ. ಕೆಲಸದಲ್ಲೇ ಇದ್ದೆ. ಒಬ್ಬರ ಕಣ್ಣಿನ ನಂಬರ್ ತಪ್ಪು ಬರೆದೆ.

ಅಮ್ಮನಿಗೆ ಫೋನ್ ಮಾಡಿದೆ. ಗಂಡನಿಗೂ ಅಲ್ಲ, ಡಾಕ್ಟರಿಗೂ ಅಲ್ಲ. “ಅಲ್ಲೇ ಕೂತಿರು, ಬಂದೆ” ಅಂದಳು. ಆಟೋ ಹಿಡಿದು ಇಪ್ಪತ್ತು ನಿಮಿಷಕ್ಕೆ ಅಂಗಡಿ ಮುಂದೆ ಇದ್ದಳು. ಆಸ್ಪತ್ರೆಯ ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಳು. ಅವಳ ಕೈ ಬೆಚ್ಚಗಿತ್ತು.

ಎದೆಬಡಿತ ಸಿಕ್ಕಿತು. ಚೆನ್ನಾಗಿದೆ. ನಿದ್ದೆ ಮಾಡ್ತಿತ್ತಂತೆ.

ಇದರಲ್ಲಿ ಏನಾದರೂ ತಮಾಷೆ ಹುಡುಕೋಣ ಅಂತ ಕೂತೆ. ನಾಳೆ ನೋಡೋಣ.

ಜನವರಿ 28, 2026, ಬುಧವಾರ

ಹೆಣ್ಣು. ಎರಡು ಕೆಜಿ ಒಂಬೈನೂರು. ಬೆಳಗ್ಗೆ ಒಂಬತ್ತೂ ಹತ್ತಕ್ಕೆ.

ಜನವರಿ 31, ಶನಿವಾರ

ಅತ್ತೆ ಆರು ತಿಂಗಳ ಮುನಿಸು ಕುಣಿಗಲ್ಲಲ್ಲೇ ಬಿಟ್ಟು ಬಂದಿದ್ದಾರೆ. ಮಗುವನ್ನ ತೊಡೆ ಮೇಲಿಟ್ಟುಕೊಂಡು ಒಂದು ಗಂಟೆ ಮಾತಾಡಿದರು. ಮೂಗು ಗಂಗಾಧರಂದು, ಬೆರಳು ಗಂಗಾಧರಂದು, ಅಳುವುದು ಮಾತ್ರ ನಮ್ಮ ಕಡೆಯದು. ಆಮೇಲೆ ದನಿ ಇಳಿಸಿ ಅಮ್ಮನ ಕಡೆ ಬಾಗಿದರು.

“ಬೀಗರೇ, ನಂಗೂ ಆ ರಕ್ತ ಟೆಸ್ಟು ಬರೆಸಿಕೊಡ್ರಿ. ಸಂಜೆ ಆದ್ರೆ ಬಾಳ ಸುಸ್ತು.”

“ಬರೆಸೋಣ ಬುಡಿ” ಅಂದಳು ಅಮ್ಮ, ಲಂಗೋಟಿ ಮಡಚುತ್ತಾ. “ಒಂದೊಂದ್ಸಲ ಕಾಯಿಲೆ ಇಲ್ದೇನೂ ಸುಸ್ತಾಗ್ತದೆ, ಮಾತು ಜಾಸ್ತಿ ಆದ್ರೆ.”

ಮೊದಲು ನಕ್ಕವರು ಅತ್ತೆಯೇ. ಹೊಲಿಗೆ ಹಾಕಿಸಿಕೊಂಡವಳನ್ನ ಹೀಗೆ ನಗಿಸಬಾರದು.

ಫೆಬ್ರವರಿ 4, ಬುಧವಾರ

ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದ ರಿಪೋರ್ಟು ಬಂತು. ಥೈರಾಯ್ಡ್ ಸರಿಯಾಗಿದೆ. ಗಂಗಾಧರ್ ಪುಟ ತಿರುಗಿಸಿ, ಹಿಂದೆಯೂ ನೋಡಿ, ಮತ್ತೆ ಮೊದಲಿಂದ ಓದಿದ.

ಮಧ್ಯಾಹ್ನ ಮಗು ಅತ್ತಳು. ನಾನು ಹೊಲಿಗೆ ಹಿಡಿದುಕೊಂಡು ಮಗ್ಗುಲು ತಿರುಗುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಬಂದು ಎತ್ತಿಕೊಂಡಾಗಿತ್ತು. ಮೊಣಕೈವರೆಗೆ ರಾಗಿ ಹಿಟ್ಟು.

“ಏನಮ್ಮ, ಅಳಲಿ ಅಂತಾನೇ ಕಾಯ್ತಾ ಇದ್ಯಾ?” ಅಂದೆ.

ಅಮ್ಮ ನಗಲಿಲ್ಲ. ಮಗುವಿನ ಬೆನ್ನು ತಟ್ಟುತ್ತಾ, ನನ್ನ ಕಡೆ ನೋಡದೆ ಅಂದಳು:

“ನೀನು ಅತ್ತಾಗ್ಲೂ ಬರ್ತಿದ್ದೆ ಕಣೇ. ಎದ್ದು, ಗೋಡೆ ಹಿಡ್ಕೊಂಡು, ಬರ್ತಾನೇ ಇದ್ದೆ. ನಾನು ಬರೋ ಹೊತ್ಗೆ ನೀನು ಅತ್ತೂ ಅತ್ತೂ ನಿದ್ದೆ ಹೋಗ್ಬಿಟ್ಟಿರ್ತಿದ್ದೆ.”

“ಆಮೇಲೆ?”

“ಆಮೇಲೇನು. ಪಕ್ಕದಲ್ಲಿ ಕೂತ್ಕೊತಿದ್ದೆ.”

ನಾನು ಹಾಸಿಗೆಯಲ್ಲಿ ಗೋಡೆ ಕಡೆ ಸರಿದೆ. ಅಮ್ಮ ಮಗುವನ್ನ ನಡುವೆ ಮಲಗಿಸಿ, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು, ಈಚೆ ಕಡೆ ಮಲಗಿದಳು. ಒಲೆ ಮೇಲೆ ಎಸರು ಕುದಿಯುತ್ತಿತ್ತು. ಕುದಿಯಲಿ ಅಂತ ಇಬ್ಬರೂ ಬಿಟ್ಟೆವು.